ಒಣಗದ ಮೂಲೆ

ಹೇಮಶ್ರೀ ಬರೆದ ಪಿಎಚ್‌ಡಿ ಪುಸ್ತಕದಲ್ಲಿ ನನಗೂ ಒಂದು ಜಾಗ ಸಿಕ್ಕಿದೆ. ಹೆಸರು ಹಾಕಿಲ್ಲ. ‘ಕುಳಿತಿರುವ ಗಂಡಸಿನ ದೇಹ, ಎಂಬತ್ತನಾಲ್ಕು ಕೆಜಿ’ ಎಂದಿದೆಯಂತೆ. ಇಂಗ್ಲಿಷಿನಲ್ಲಿರುವುದರಿಂದ ನಾನು ಓದಿಲ್ಲ. ಓದಿದವರು ನಕ್ಕರು. ನನ್ನ ಹೆಂಡತಿ ಅಂಜಿನಮ್ಮ ಓದದೆಯೂ ನಗುತ್ತಾಳೆ. ಐವತ್ತೆಂಟು ವರ್ಷ ಬದುಕಿ, ಪಂಚನಹಳ್ಳಿಯಿಂದ ಕಡೂರಿನವರೆಗೆ ‘ಕರಿಸಿದ್ದಪ್ಪ ಮಾತು ಕೊಟ್ಟರೆ ಮುಗೀತು’ ಅನ್ನಿಸಿಕೊಂಡು, ಕಡೆಗೆ ಪುಸ್ತಕಕ್ಕೆ ಹೋದದ್ದು ಬರೀ ತೂಕವಾಗಿ. ಹೇಗಾಯಿತೆಂದು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಇನ್ನೂ ಹತ್ತು ಕೆಜಿ ಸೇರಿಸುತ್ತಾರೆ.

ಹೋದ ವರ್ಷ ಯುಗಾದಿ ಕಳೆದ ವಾರ ಅವಳು ನಮ್ಮ ಮನೆಗೆ ಬಂದಳು. ಅಜ್ಜಂಪುರದ ಹುಡುಗಿ. ಅವಳ ಸೋದರತ್ತೆಯನ್ನು ನಮ್ಮೂರಿಗೆ ಕೊಟ್ಟಿದೆ, ಆ ಲೆಕ್ಕದಲ್ಲಿ ನಾನು ಮಾವ, ಅಂಜಿನಮ್ಮ ಅತ್ತೆ. ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಕೇಳಿದಳು.

“ಮಾವ, ನಿಮ್ಮ ಅಟ್ಟ ಹನ್ನೊಂದು ತಿಂಗಳು ಬೇಕು.”

“ಅಟ್ಟ ನಿಂಗೆ ಕೊಟ್ರೆ ಕಾಯಿ ಎಲ್ಲಿಡ್ಲಮ್ಮ?”

“ಕಾಯಿ ಇರ್ಲೇಬೇಕು ಮಾವ. ಕಾಯಿ ಇಲ್ದಿದ್ರೆ ನನಗಲ್ಲೇನು ಕೆಲ್ಸ?”

ನಮ್ಮದು ಉಂಡೆ ಕೊಬ್ಬರಿಯ ಕೆಲಸ. ಬಲಿತ ಕಾಯನ್ನು ಶೆಡ್ಡಿನ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಆರಿ, ತಿರುಳು ಕರಟ ಬಿಟ್ಟು ಗುಂಡಗೆ ಕೊಬ್ಬರಿಯಾಗುತ್ತದೆ. ಅವಳಿಗೆ ಬೇಕಾಗಿದ್ದದ್ದು ಈ ಒಣಗುವ ಹನ್ನೊಂದು ತಿಂಗಳು. ನನಗೆ ಅರ್ಥವಾಗಲೆಂದು ಎದ್ದು ನಿಂತು ಒಂದು ಚಪ್ಪಾಳೆ ಹೊಡೆದಳು.

“ಅಲ್ಟ್ರಾ ವೈಡ್‌ಬ್ಯಾಂಡ್ ಅಂತ ಒಂದು ಥರದ ರೇಡಿಯೋ ಇದೆ ಮಾವ. ಮಾಮೂಲಿ ರೇಡಿಯೋ ರಾಗ ಎಳೆದಂಗೆ. ಇದು ಹಿಂಗೆ, ಚಪ್ಪಾಳೆ ಹೊಡೆದಂಗೆ, ಅಷ್ಟು ಚಿಕ್ಕದು. ಚಪ್ಪಾಳೆ ಕಿವಿಗೆ ನೇರವಾಗೂ ಬರ್ತದೆ, ಗೋಡೆಗೆ ಬಡಿದು ಒಂಚೂರು ತಡವಾಗೂ ಬರ್ತದೆ, ಸೂರಿನ ತಗಡಿಗೆ ಬಡಿದು ಇನ್ನೂ ತಡವಾಗೂ ಬರ್ತದೆ. ಯಾವ್ದು ಎಷ್ಟು ತಡ, ಯಾವ್ದು ಎಷ್ಟು ಸಣ್ಣಗಾಯ್ತು ಅಂತ ಅಳೆದು, ಈ ಜಾಗದಲ್ಲಿ ಅಲೆ ಹಿಂಗೇ ಓಡಾಡ್ತದೆ ಅಂತ ಒಂದು ಲೆಕ್ಕ ಕಟ್ಬೇಕು. ಅದಕ್ಕೆ ಚಾನೆಲ್ ಮಾಡೆಲ್ ಅಂತಾರೆ. ಮನೆಗೆ ಕಟ್ಟಿದಾರೆ, ಆಫೀಸಿಗೆ ಕಟ್ಟಿದಾರೆ, ಕಾರ್ಖಾನೆಗೂ ಕಟ್ಟಿದಾರೆ. ಕೊಬ್ಬರಿ ಅಟ್ಟಕ್ಕೆ ಯಾರೂ ಕಟ್ಟಿದ್ದು ನಾನು ಕಂಡಿಲ್ಲ.”

ಇದು ನನಗೆ ತಿಳಿಯದ ವಿಷಯವೇನಲ್ಲ. ನಮ್ಮಪ್ಪ ಯಾರ ಶೆಡ್ಡಿಗೆ ಹೋದರೂ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮುತ್ತಿದ್ದ. ಕೆಮ್ಮು ವಾಪಸು ಬಂದ ರೀತಿಯಲ್ಲೇ ಅಟ್ಟ ಎಷ್ಟು ತುಂಬಿದೆ ಎಂದು ಹೇಳುತ್ತಿದ್ದ. ಇದನ್ನು ಹೇಳಿದಾಗ ಹೇಮಶ್ರೀ ಪುಸ್ತಕ ತೆಗೆದು ಬರೆದುಕೊಂಡಳು. ಓದಿದ ಹುಡುಗಿ ನನ್ನ ಮಾತು ಬರೆದುಕೊಂಡದ್ದೇ ತಡ, ನಾನು ಉಬ್ಬಿ ಅಟ್ಟ ಕೊಟ್ಟುಬಿಟ್ಟೆ. ಊರ ಹೋಟೆಲಿನಲ್ಲಿ ಬೀರಯ್ಯ, “ಏನ್ ಕರಿಸಿದ್ದಪ್ಪ, ನಿನ್ ಅಟ್ಟ ಯಾವ ಚಾನೆಲ್‌ನಾಗೆ ಬತ್ತದೋ?” ಎಂದು ಕೇಳಿದ್ದಕ್ಕೂ ಬೇಜಾರಾಗಲಿಲ್ಲ.

ಅವಳದು ಒಂದೇ ಷರತ್ತು.

“ಅಳೆಯೋವಾಗ ಒಳಗೆ ಯಾರೂ ಇರ್ಬಾರ್ದು ಮಾವ. ಮನುಷ್ಯನ ಮೈ ಅಂದ್ರೆ ಬಹುಪಾಲು ನೀರು, ನೀರು ಅಲೇನ ನುಂಗ್ತದೆ. ಒಬ್ರು ನಿಂತ್ರೂ ಲೆಕ್ಕ ಕೆಡ್ತದೆ. ಮೊಬೈಲೂ ಬೇಡ.”

“ಯಾರೂ ಇರಲ್ಲ. ನನ್ ಮಾತು,” ಎಂದೆ.

ಮಾತು ಕೊಡುವಾಗ ಮನಸ್ಸಿನಲ್ಲಿ ಮೋಸವಿರಲಿಲ್ಲ. ಆದರೆ ನಮ್ಮಲ್ಲಿ ಒಂದು ವಾಡಿಕೆ ಇದೆ. ಅಟ್ಟದಲ್ಲಿ ಕಾಯಿ ಇರುವಾಗ ಹೊರಗಿನವರು ಒಳಗೆ ಕೈಯಾಡಿಸಿದರೆ, ಮನೆಯವರೊಬ್ಬರು ಅಲ್ಲೇ ಇರಬೇಕು. ನೀರು ಆರುವ ಮುಂಚೆ ಯಾರಾದರೂ ಕಾಯಿ ಅಲ್ಲಾಡಿಸಿಬಿಟ್ಟರೆ ಒಳಗೆ ತಿರುಳು ಬಿರುಕು ಬಿಡುತ್ತದೆ, ಅದು ಒಡೆದು ನೋಡುವವರೆಗೂ ಗೊತ್ತಾಗುವುದಿಲ್ಲ. ಹಾಗೆ ಕಾವಲಿದ್ದೇವೆ ಎಂದು ಬಂದವರಿಗೆ ತಿಳಿಯಲೂ ಬಾರದು, ಬೇಜಾರು ಮಾಡಿಕೊಳ್ಳುತ್ತಾರೆ. ನಮ್ಮಪ್ಪ ನಡೆಸಿದ್ದು ಹೀಗೆ, ಅವರಪ್ಪ ನಡೆಸಿದ್ದೂ ಹೀಗೆ.

ಅಳತೆಯ ಮೊದಲ ದಿನ, ಒಂದು ಶನಿವಾರ, ಅವಳು ಮೂರು ಕಾಲಿನ ಎರಡು ಸ್ಟ್ಯಾಂಡು ತಂದಳು. ಒಂದೊಂದರ ತುದಿಯಲ್ಲಿ ಅಂಗೈಯಗಲದ ಆಂಟೆನಾ. ಒಂದು ಬಾಗಿಲ ಹತ್ತಿರ, ಅಲೆ ಕಳಿಸುವುದು. ಇನ್ನೊಂದು ನಡುವಿನ ಓಣಿಯಲ್ಲಿ, ಹಿಡಿಯುವುದು. ಅದನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಒಂಬತ್ತು ಜಾಗದಲ್ಲಿ ಒಂದಾದಮೇಲೊಂದರಂತೆ ಇಡಬೇಕು. ಒಂದು ಕಡೆ ಇಟ್ಟು, ಹೊರಗೆ ಹೋಗಿ ಬಾಗಿಲು ಹಾಕಿ, ಹೊರಗಿನ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಅಳೆದು, ಮತ್ತೆ ಒಳಬಂದು ಜರುಗಿಸುವುದು. ಒಟ್ಟು ನಲವತ್ತು ನಿಮಿಷ. ಹುಡುಗಿಯ ಮೇಲೆ ನನಗೆ ಅನುಮಾನವಿರಲಿಲ್ಲ. ಆ ಸ್ಟ್ಯಾಂಡುಗಳ ಮೇಲಿತ್ತು. ಕಣ್ಣಿಗೆ ಕಾಣದ್ದನ್ನು ಕಾಯಿಗೆ ಹೊಡೆಯುತ್ತಿವೆ, ಕಾಯಿ ಏನಾಗುತ್ತದೋ ಯಾರು ಕಂಡರು?

“ತೋಟಕ್ಕೆ ಹೋಗಿ ಬತ್ತೀನಮ್ಮ,” ಎಂದು ಹೇಳಿ ಶೆಡ್ಡಿನ ಹಿಂದಕ್ಕೆ ಸುತ್ತಿ ಹೋದೆ. ಹಿಂದೊಂದು ಸಣ್ಣ ಬಾಗಿಲಿದೆ. ಒಳಗೆ ಬಂದು ನೈರುತ್ಯ ಮೂಲೆಯಲ್ಲಿ, ಹಗ್ಗಕ್ಕೆ ನೇತುಹಾಕಿದ್ದ ಖಾಲಿ ಗೋಣಿಚೀಲಗಳ ಹಿಂದೆ, ಒಂದು ತೆಂಗಿನ ಕೊರಡಿನ ಮೇಲೆ ಕೂತೆ. ಮೊಬೈಲು ಮಾತ್ರ ಮನೆಯಲ್ಲೇ ಬಿಟ್ಟು ಬಂದಿದ್ದೆ. ಅವಳ ಮಾತಿನಲ್ಲಿ ಅರ್ಧವನ್ನಾದರೂ ನಡೆಸಿದೆನಲ್ಲ ಎಂಬ ಸಮಾಧಾನ.

ಹೀಗೆ ಹನ್ನೊಂದು ತಿಂಗಳು, ಎರಡನೇ ಶನಿವಾರ, ನಾಲ್ಕನೇ ಶನಿವಾರ, ಆ ಎರಡು ಸ್ಟ್ಯಾಂಡುಗಳನ್ನು ನಾನು ಕಾವಲು ಕಾದೆ. ಅವು ಒಂದು ದಿನವೂ ಕಾಯಿ ಮುಟ್ಟಲಿಲ್ಲ. ನಾನೂ ಒಂದು ದಿನವೂ ಅಲ್ಲಾಡಲಿಲ್ಲ. ಆ ಬಗ್ಗೆ ನನಗೆ ಹೆಮ್ಮೆಯೇ ಇತ್ತು. ನೊಣ ಮೂಗಿನ ಮೇಲೆ ಕೂತರೂ ಕೈ ಎತ್ತುತ್ತಿರಲಿಲ್ಲ.

ಹೇಮಶ್ರೀ ಕೆಲಸ ಮಾಡುವಾಗ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು, ಗೊಣಗಿಕೊಳ್ಳುತ್ತಿದ್ದಳು. ತರೀಕೆರೆಯಲ್ಲಿರುವ ತನ್ನ ಗೈಡು ಮೃತ್ಯುಂಜಯ ಮೇಷ್ಟ್ರನ್ನು ಬೈದುಕೊಳ್ಳುತ್ತಿದ್ದಳು. ಪುಸ್ತಕ ಕೊಡುವ ಗಡುವನ್ನು ಎರಡು ಸಲ ಮುಂದಕ್ಕೆ ಹಾಕಿಸಿಕೊಂಡಾಗಿದೆ, ಮೂರನೇ ಸಲ ಇಲ್ಲ, ಈ ಮಾರ್ಚಿಗೆ ಕೊಡದಿದ್ದರೆ ಆರು ವರ್ಷದ ಓದು ಹೋಯಿತು ಎಂಬುದೂ ನನಗೆ ಗೋಣಿಚೀಲದ ಹಿಂದಿನಿಂದಲೇ ತಿಳಿಯಿತು. ಒಂದು ಸಲ, ಇನ್ನೂ ಅಳತೆ ಶುರುವಾಗಿರಲಿಲ್ಲ, ಅಮ್ಮನ ಜೊತೆ ಫೋನಿನಲ್ಲಿ ಹೇಳುತ್ತಿದ್ದಳು: “ಈ ಮಾವ ಒಬ್ರು ಇದಾರಲ್ಲಮ್ಮ, ತುಂಬಿದ ಶೆಡ್ಡನ್ನ ನನ್ ಕೈಗೆ ಬಿಟ್ಟು ತೋಟಕ್ಕೆ ಹೊಂಟೋಗ್ತಾರೆ. ತಿರುಗೂ ನೋಡಲ್ಲ. ಅಷ್ಟು ನಂಬ್ತಾರೆ.”

ಮೂರು ಮಾರು ದೂರದಲ್ಲಿ ಕೊರಡಿನ ಮೇಲೆ ಕೂತು ಕೇಳಿಸಿಕೊಂಡೆ. ಅವತ್ತೇ ಎದ್ದು ಹೋಗಿದ್ದರೆ ಆಗುತ್ತಿತ್ತು. ಎದ್ದರೆ ಕಾಣಿಸುತ್ತೇನಲ್ಲ, ಕೂತೇ ಇದ್ದೆ.

ಈ ಫೆಬ್ರವರಿ ಕೊನೆಯ ಶನಿವಾರ ಇಪ್ಪತ್ತೆರಡನೇ ಅಳತೆ ಮುಗಿಯಿತು. ಸಂಜೆಗೆ ಹೇಮಶ್ರೀ ಎಲ್ಲ ಅಳತೆಗಳನ್ನೂ ಸೇರಿಸಿ ಲ್ಯಾಪ್‌ಟಾಪಿನಲ್ಲಿ ಬಣ್ಣದ ಚಿತ್ರ ಮಾಡಿದಳು. ನೀರಿದ್ದ ಕಡೆ ನೀಲಿ, ಒಣಗಿದ ಕಡೆ ಹಳದಿ. ಏಪ್ರಿಲಿನಲ್ಲಿ ಶೆಡ್ಡೆಲ್ಲ ಕೆರೆಯಂತೆ ನೀಲಿ. ತಿಂಗಳು ಕಳೆದಂತೆ ಹಳದಿ ಹರಡುತ್ತ ಬಂತು. ಚೆನ್ನಾಗಿತ್ತು ನೋಡಲು. ಆದರೆ ನೈರುತ್ಯ ಮೂಲೆಯಲ್ಲಿ ಒಂದು ನೀಲಿ ಮಚ್ಚೆ ಹಾಗೇ ಉಳಿದಿತ್ತು.

“ಇಲ್ಲೊಂದು ಒಣಗಲೇ ಇಲ್ಲ ಮಾವ. ಎಳನೀರು ತುಂಬಿದ ದೊಡ್ಡ ಗುಡಾಣ ಇಟ್ಟಂಗಿದೆ. ಬೇರೆ ಎಲ್ಲ ಒಣಗ್ತಾ ಬಂದ್ರೆ, ಇದು ದಸರಾ ಆದ್ಮೇಲೆ ಒಂಚೂರು ದಪ್ಪ ಆಗಿದೆ.”

ದಸರೆಯ ಹೋಳಿಗೆ ನನಗೆ ನೆನಪಾಯಿತು.

“ಆ ಮೂಲೇಲಿ ಏನಾದ್ರೂ ಇಟ್ಟಿದ್ರಾ?”

“ಏನೂ ಇಲ್ಲಮ್ಮ,” ಎಂದೆ. ಬಾಯಿಗೆ ಮೊದಲು ಬಂದದ್ದು ಅದೇ.

ಅವಳು ಆ ಮೂಲೆಯ ಅಟ್ಟದಿಂದ ಐದು ಕಾಯಿ ಇಳಿಸಿ ಒಡೆಸಿದಳು. ಐದೂ ಒಣಗಿ ಕೊಬ್ಬರಿಯಾಗಿದ್ದವು, ಒಂದು ತೊಟ್ಟು ನೀರಿಲ್ಲ. ಬೇರೆ ದಿನವಾಗಿದ್ದರೆ ಅಂಥ ಕೊಬ್ಬರಿ ಕಂಡು ಕುಣಿಯುತ್ತಿದ್ದೆ. ಹೇಮಶ್ರೀಯ ಮುಖ ಕಪ್ಪಿಟ್ಟಿತು. ಹೊರಗೆ ಹೋಗಿ ಮೇಷ್ಟ್ರಿಗೆ ಫೋನು ಮಾಡಿ ಬಂದಳು.

“ಸಾರ್ ಏನಂತಾರೆ?” ಎಂದು ಅಂಜಿನಮ್ಮ ಕೇಳಿದಳು.

“ಕಾಯಿ ಒಣಗಿದ್ರೂ ಒದ್ದೆ ಅಂತ ತೋರ್ಸಿದ್ರೆ ಮಿಷನ್ನೇ ಸರಿ ಇಲ್ಲ ಅಂತಾರೆ ಅತ್ತೆ. ಮಿಷನ್ ಸರಿ ಇಲ್ದಿದ್ರೆ ಇಪ್ಪತ್ತೆರಡು ಅಳತೇನೂ ಬಿಸಾಕ್ಬೇಕು. ಮತ್ತೆ ಅಳೀಬೇಕಂದ್ರೆ ಹೊಸ ಕಾಯಿ, ಇನ್ನೂ ಹನ್ನೊಂದು ತಿಂಗಳು. ನನ್ ಹತ್ರ ಇರೋದು ಮೂರು ವಾರ.” ಅಳಲಿಲ್ಲ. ಸ್ಟ್ಯಾಂಡಿನ ಕಾಲುಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಕಡೂರು ಬಸ್ಸು ಹತ್ತಿದಳು.

ಭಾನುವಾರ ಫೋನು ಮಾಡಿದೆ. “ಊಟ ಆಯ್ತಾ?” ಎಂದು ಕೇಳಿ ಇಟ್ಟೆ. ಸೋಮವಾರ ಮಾಡಿದೆ. “ಅಜ್ಜಂಪುರದಾಗೆ ಬಿಸ್ಲು ಹೆಂಗಿದೆ?” ಎಂದು ಕೇಳಿ ಇಟ್ಟೆ. ನಿನ್ನನ್ನು ನಂಬದೆ ಕೂತಿದ್ದೆ ಎಂದು ನಮ್ಮ ಮನೆಯಲ್ಲಿ ಉಂಡು ಹೋದ ಹುಡುಗಿಗೆ ಹೇಳುವುದು ಹೇಗೆ? ಕಾಯಿ ಇಳಿಸಲು ಬಂದ ಆಳುಗಳನ್ನು “ಇನ್ನೆರಡು ವಾರ ತಡೀರಿ” ಎಂದು ವಾಪಸು ಕಳಿಸಿದೆ. ಅದೊಂದೇ ನಾನು ಮಾಡಿದ ಬುದ್ಧಿವಂತ ಕೆಲಸ.

ಮಂಗಳವಾರ ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡೆ. ಅಂಜಿನಮ್ಮ, “ಎಲ್ಲಿಗ್ರೀ, ಹೆಣ್ಣು ನೋಡಕ್ಕಾ?” ಎಂದಳು. ಕಡೂರಿನಲ್ಲಿ ಕೆಲಸವಿದೆ ಎಂದು ಹೇಳಿ ಕಡೂರು, ಬೀರೂರು ದಾಟಿ ಅಜ್ಜಂಪುರಕ್ಕೆ ಹೋದೆ. ಹೇಮಶ್ರೀ ಮನೆಯಲ್ಲಿರಲಿಲ್ಲ. ಮೇಷ್ಟ್ರನ್ನು ನೋಡಲು ತರೀಕೆರೆಗೆ ಹೋದಳು ಎಂದು ಅವಳಮ್ಮ ಹೇಳಿ, ನಾನು ಬೇಡವೆಂದರೂ ಕೂರಿಸಿ ರೊಟ್ಟಿ ಬಡಿಸಿದರು. “ನಿಮ್ಮಂಥೋರು ಇದ್ದಿದ್ಕೆ ಇಷ್ಟಾದ್ರೂ ಆಯ್ತು ಅಣ್ಣ,” ಎಂದರು. ಆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಇಳಿಯಲಿಲ್ಲ ಎಂದರೂ ಮೂರು ತಿಂದೆ ಅನ್ನುವುದನ್ನೂ ಹೇಳಬೇಕು.

ತರೀಕೆರೆಗೆ ಇನ್ನೊಂದು ಬಸ್ಸು. ಮೇಷ್ಟ್ರ ಮನೆ ಹುಡುಕಿ ಹೋಗುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. ಮೃತ್ಯುಂಜಯ ಮೇಷ್ಟ್ರು ತೆಳ್ಳಗಿನ ಮನುಷ್ಯ, ಕನ್ನಡಕ ಹಣೆಗೆ ಏರಿಸಿಕೊಂಡು ಕೂತಿದ್ದರು. ಎದುರಿಗೆ ಹೇಮಶ್ರೀ, ತೆರೆದ ಲ್ಯಾಪ್‌ಟಾಪು.

“ಮಾವ! ನೀವ್ಯಾಕೆ ಇಲ್ಲಿಗೆ ಬಂದ್ರಿ?”

ಬಸ್ಸಿನಲ್ಲಿ ಉರು ಹೊಡೆದುಕೊಂಡು ಬಂದದ್ದೆಲ್ಲ ಮರೆತುಹೋಯಿತು. ನಿಂತುಕೊಂಡೇ ಹೇಳಿದೆ. “ಮಿಷನ್ ಸರಿಯಾಗಿದೆ ಸಾರ್. ಆ ನೀಲಿ ಮಚ್ಚೆ ನಾನು.”

ಗೋಣಿಚೀಲ, ಕೊರಡು, ಹಿಂದಿನ ಬಾಗಿಲು, ಎಲ್ಲ ಹೇಳಿದೆ.

ಮೇಷ್ಟ್ರು ಕನ್ನಡಕ ಇಳಿಸಿದರು. “ನಲವತ್ತು ನಿಮಿಷ ಒಂದೇ ಸಮ ಕೂತಿದ್ರಾ? ಅಲ್ಲಾಡದೆ?”

“ಒಂಚೂರೂ ಅಲ್ಲಾಡಿಲ್ಲ ಸಾರ್,” ಎಂದೆ. ಅಷ್ಟು ಹೊತ್ತಿನಲ್ಲೂ ಸ್ವಲ್ಪ ಜಂಬ ಬಂತು.

“ಅಲ್ಲಾಡಿದ್ರೆ ಅವತ್ತೇ ಗೊತ್ತಾಗೋದು ಮಾರಾಯ್ರೆ! ಅಲೆ ತೂಗಾಡೋದು, ಯಾರೋ ಒಳಗಿದಾರೆ ಅಂತ ಈ ಹುಡುಗಿ ಹಿಡೀತಿದ್ಲು. ಕಲ್ಲಿನ ಹಂಗೆ ಕೂತು ಕೆಡಿಸಿದೀರಿ.” ಆಮೇಲೆ ಅವರ ದನಿ ಮೆತ್ತಗಾಯಿತು. “ಯಜಮಾನ್ರೆ, ನೀವು ಒಳ್ಳೆಯವರು. ಹುಡುಗಿ ಕಷ್ಟ ನೋಡಿ ನಿಮ್ಮ ಮೇಲೆ ಹಾಕ್ಕೊಳ್ತಾ ಇದೀರಿ ಅಂತ ನಂಗೆ ಅನುಮಾನ. ನಾನು ಹೇಗೆ ನಂಬ್ಲಿ? ಈ ಮಚ್ಚೆ ಇಪ್ಪತ್ತೊಂದು ಸಲ ಇದೆ, ಒಂದು ಸಲ ಇಲ್ಲ. ಇದ್ದಿದ್ದು ಹೋಗಿ ಮತ್ತೆ ಬಂದಿದೆ. ಕೇಬಲ್ ಕೆಟ್ರೆ ಹಿಂಗೇ ಆಗೋದು.”

ಜೀವನದಲ್ಲಿ ಮೊದಲ ಬಾರಿಗೆ ನಿಜ ಹೇಳಲು ಇಷ್ಟು ದೂರ ಬಂದರೆ, ನಾನು ಒಳ್ಳೆಯವನು ಅನ್ನುವ ಕಾರಣಕ್ಕೇ ನನ್ನ ಮಾತು ನಂಬುತ್ತಿಲ್ಲ.

“ಒಂದ್ಸಲ ನಾನು ಇರ್ಲಿಲ್ಲ ಸಾರ್,” ಎಂದೆ. “ಹಲ್ಲು ಕೀಳಿಸಕ್ಕೆ ಕಡೂರಿಗೆ ಹೋಗಿದ್ದೆ.”

“ಯಾವತ್ತು?”

“ಮಳೆಗಾಲ. ತಾರೀಕು ನೆನಪಿಲ್ಲ.”

ಹೇಮಶ್ರೀ ಲ್ಯಾಪ್‌ಟಾಪಿನ ಪರದೆಗೆ ಕೈ ಅಡ್ಡ ಹಿಡಿದಳು. “ಸಾರ್, ತಾರೀಕು ಹೇಳ್ಬೇಡಿ. ಮಾವ, ಅತ್ತೆಗೆ ಫೋನ್ ಹಾಕಿ. ಸ್ಪೀಕರ್‌ಗೆ ಹಾಕಿ.”

ಹಾಕಿದೆ.

“ಲೇ, ನಾನು ಹಲ್ಲು ಕೀಳಿಸಿದ್ದು ಯಾವತ್ತು?”

“ಕಡೂರಿಗೆ ಹೋಗ್ತೀನಿ ಅಂತ ಹೋಗಿ ಈಗ ಹಲ್ಲಿನ ಸುದ್ದಿ ಯಾಕ್ರೀ? ಇನ್ನೊಂದು ಬಿತ್ತಾ?”

“ತಾರೀಕು ಹೇಳೇ.”

ನಮ್ಮ ಮನೆಯ ಎಲ್ಲ ವಿಚಾರವನ್ನೂ ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಸಿಲಿಂಡರ್ ಬಂದದ್ದು, ಹಸು ಗಬ್ಬವಾದದ್ದು, ನಾನು ಜಗಳವಾಡಿದ್ದು. ಹೋದ ವರ್ಷದ್ದು ಈಗ ಅಡುಗೆಮನೆಯ ಗೂಡಿನಲ್ಲಿ ಡಬ್ಬಗಳ ಕೆಳಗೆ ಹಾಸಿದೆ. ಒಂದೊಂದೇ ಡಬ್ಬ ಎತ್ತಿಡುವ ಸದ್ದು ಮೇಷ್ಟ್ರ ಮನೆಯ ಹಾಲಿನಲ್ಲಿ ಕೇಳಿಸಿತು.

“ಬೇಳೆ ಡಬ್ಬದ ಕೆಳಗೈತೆ ಕಣ್ರೀ. ಆಗಸ್ಟು. ಇಪ್ಪತ್ಮೂರು, ಶನಿವಾರ. ‘ಹಲ್ಲು’ ಅಂತ ಬರ್ದಿದೀನಿ. ಪಕ್ಕದಾಗೆ ‘ಗಲಾಟೆ ಇಲ್ಲ’ ಅಂತನೂ ಬರ್ದಿದೀನಿ, ಬಾಯಿ ಊದಿತ್ತಲ್ಲ.”

ಹೇಮಶ್ರೀ ಕೈ ತೆಗೆದಳು. ಆಗಸ್ಟ್ ಇಪ್ಪತ್ತಮೂರರ ಚಿತ್ರ ತೆಗೆದು ಮೇಷ್ಟ್ರ ಕಡೆ ತಿರುಗಿಸಿದಳು. ಮೂಲೆಯಲ್ಲಿ ಮಚ್ಚೆ ಇರಲಿಲ್ಲ. ಅದರ ಹಿಂದಿನ ಅಳತೆಯದ್ದರಲ್ಲಿ ಇತ್ತು, ಮುಂದಿನದ್ದರಲ್ಲೂ ಇತ್ತು.

ಮೇಷ್ಟ್ರು ಮೂರೂ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. “ಬಿಸಾಕೋದು ಬೇಡ,” ಎಂದರು. “ಯಜಮಾನ್ರು ಕೂತಾಗ ಒಂದು, ಕೂರದಿದ್ದಾಗ ಒಂದು ಅಳತೆ ತಗೋ. ಒಂದರಲ್ಲಿ ಒಂದು ಕಳೆದ್ರೆ ಇವರು ಎಷ್ಟು ಕೆಡಿಸಿದಾರೆ ಅಂತ ಸಿಗ್ತದೆ. ಅದನ್ನ ಇಪ್ಪತ್ತೊಂದರಿಂದಲೂ ತೆಗಿ. ಕಾಯಿ ಇನ್ನೂ ಅಟ್ಟದಲ್ಲೇ ಇದಾವಾ?”

“ಇದಾವೆ ಸಾರ್.”

ಫೋನಿನಿಂದ ಅಂಜಿನಮ್ಮನ ದನಿ ಬಂತು. ಆರಿಸಿರಲಿಲ್ಲ. “ಏನ್ರೀ, ಎಲ್ಲಿ ಕೂತಿದ್ರಿ ನೀವು? ತೋಟದಾಗಲ್ವಾ?”

ಬಸ್‌ಸ್ಟ್ಯಾಂಡಿನವರೆಗೆ ಹೇಮಶ್ರೀ ಜೊತೆಗೆ ಬಂದಳು. ಬಸ್ಸು ಬರುವುದು ತಡವಿತ್ತು.

“ನಾನೇನು ಮಾಡಿಬಿಡ್ತೀನಿ ಅಂತ ಕೂತಿದ್ರಿ ಮಾವ?”

“ನೀನಲ್ಲಮ್ಮ, ಆ ಸ್ಟ್ಯಾಂಡು...” ಎಂದು ಶುರು ಮಾಡಿದೆ. ಅವಳ ಮುಖ ನೋಡಿ ನಿಲ್ಲಿಸಿದೆ. “ತಪ್ಪಾಯ್ತು ತಾಯಿ. ನೀನು ನಿಮ್ಮಮ್ಮಂಗೆ ಹೇಳ್ತಿದ್ದೆಯಲ್ಲ, ನಂಬಿ ಬಿಟ್ಟು ಹೋಗ್ತಾರೆ ಅಂತ. ಅವತ್ತಿಂದ ಹೇಳ್ಬೇಕು ಅಂತಿದ್ದೆ.”

ಅವಳು ತಟ್ಟನೆ ತಿರುಗಿದಳು. “ಅದನ್ನೂ ಕೇಳಿಸ್ಕೊಂಡ್ರಾ? ಹಂಗಾದ್ರೆ ನಾನು ಹಾಡಿದ್ದು?”

“ಕೇಳ್ದೆ.”

“ಸಾರ್‌ನ ಬೈದಿದ್ದು?”

“ಅದು ನನ್ ಜೊತೇಲೇ ಮಣ್ಣಿಗೆ ಹೋಗ್ತದೆ. ಈ ಮಾತನ್ನಾದ್ರೂ ಉಳಿಸ್ಕೋತೀನಿ.”

ಅವಳು ನಗು ತಡೆಯಲು ನೋಡಿದಳು, ಆಗಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡಳು. ಬಸ್ಸು ಬಂತು.

ಮಾರ್ಚಿನ ಎರಡನೇ ಶನಿವಾರ ಮೇಷ್ಟ್ರೂ ಬಂದರು. ಮೊದಲು ನನ್ನನ್ನು ಕೊಬ್ಬರಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದರು. ಅಂಜಿನಮ್ಮ ಊರಿಗೆಲ್ಲ ಕೇಳಿಸುವಂತೆ ಓದಿದಳು: “ಎಂಬತ್ತ್ನಾಲ್ಕು!” ಆಮೇಲೆ ಕೊರಡಿನ ಮೇಲೆ ಕೂರಿಸಿದರು. ಹನ್ನೊಂದು ತಿಂಗಳು ಕದ್ದು ಕೂತಾಗ ಕಲ್ಲಿನಂತಿದ್ದ ನಾನು, ಎಲ್ಲರ ಅಪ್ಪಣೆ ಪಡೆದು ಕೂತಾಗ ಎರಡು ನಿಮಿಷ ಅಲ್ಲಾಡದೆ ಇರಲಾಗಲಿಲ್ಲ. ಬೆನ್ನು ಕೆರೆಯಿತು. ಸೀನು ಬಂತು. ಹೊರಗಿನಿಂದ ಹೇಮಶ್ರೀ “ಮಾವ, ಅಲ್ಲಾಡಿದ್ರಿ!” ಎಂದು ಕೂಗುವುದು, ಮತ್ತೆ ಮೊದಲಿನಿಂದ ಶುರು. ಮೂರನೇ ಸಲಕ್ಕೆ ಮುಗಿಯಿತು.

“ಈಗ ನೀವಿಲ್ದೆ ಒಂದು,” ಎಂದು ಅವಳು ಕೈ ಚಾಚಿದಳು. “ಹಿಂದಿನ ಬಾಗಿಲ ಕೀಲಿ ಕೊಡಿ ಮಾವ.”

ಕೊಟ್ಟೆ. ಅವಳು ಬೀಗ ಹಾಕಿ ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಅಟ್ಟದಲ್ಲಿ ಕಾಯಿ, ಒಳಗೆ ಎರಡು ಸ್ಟ್ಯಾಂಡು, ನಾನು ಅಂಗಳದಲ್ಲಿ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೇಷ್ಟ್ರ ಜೊತೆ ಒಂದು ಕಾಫಿ ಕುಡಿದೆ, ಅಂಜಿನಮ್ಮ ಕೊಟ್ಟ ಇನ್ನೊಂದನ್ನೂ ಕುಡಿದೆ. ನಲವತ್ತು ನಿಮಿಷ ಅಷ್ಟು ಉದ್ದವೆಂದು ಕೊರಡಿನ ಮೇಲೆ ಕೂತಾಗ ಗೊತ್ತಾಗಿರಲಿಲ್ಲ.

ಹೇಮಶ್ರೀ ಲ್ಯಾಪ್‌ಟಾಪು ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದಳು. ಶೆಡ್ಡು ಈ ತುದಿಯಿಂದ ಆ ತುದಿಗೆ ಹಳದಿ. ಮೂಲೆಯೂ ಹಳದಿ.

ಅಂಜಿನಮ್ಮ ಬಗ್ಗಿ ನೋಡಿದಳು. “ಅಂತೂ ಒಣಗಿತು,” ಎಂದಳು. “ನಾಳೆ ಕಾಯಿ ಇಳಿಸಕ್ಕೆ ಆಳಿಗೆ ಹೇಳ್ರೀ.”